ಗಾಣದ ಮುಂದೆ ಕೂತ ಅತ್ತಿಗೆ

ಕಂಪ್ಲಿಯ ಆಲೆಮನೆಯೊಂದರಲ್ಲಿ ಎತ್ತು ತಿರುಗಿಸುವ ಗಾಣಕ್ಕೆ ಕಬ್ಬು ಕೊಡುವ ಕೆಲಸ ನನ್ನದಾಗಿತ್ತು. ಒಂದು ಮಧ್ಯಾಹ್ನ ಕಬ್ಬಿನ ಜೊತೆ ಬಲಗೈಯೂ ಒಳಗೆ ಹೋಗಿ ಎರಡು ಬೆರಳಿನ ತುದಿ ಜಜ್ಜಿಹೋದವು. ಗಾಯವಾದವನ ಕೆಲಸ ಉಳಿಸುವ ಕಾನೂನು ಆಗ ನಮ್ಮಂಥವರ ತನಕ ಬಂದಿರಲಿಲ್ಲ. ಒಂದು ರೂಢಿ ಮಾತ್ರ ಇತ್ತು: ಮನೆಯವರು ಯಾರಾದರೂ ಬಂದು ಕೂತರೆ ಕೆಲಸ ಆ ಮನೆಯದೇ, ಜಾಗ ಖಾಲಿ ಬಿದ್ದರೆ ಬೇರೆಯವರದು.

ನನ್ನನ್ನು ನಾಟಿ ವೈದ್ಯರಲ್ಲಿಗೆ ಹೊರಡಿಸುವಷ್ಟರಲ್ಲಿ, ಅಲ್ಲೇ ಕಬ್ಬು ಹೊರುತ್ತಿದ್ದ ನಮ್ಮ ಅತ್ತಿಗೆ ಸೆರಗು ಬಿಗಿದು ಗಾಣದ ಮುಂದೆ ಕೂತಳು.

"ಹೆಂಗಸು ಗಾಣಕ್ಕ ಕುಂದ್ರತಾಳೇನು?" ಎಂದರು ಆಲೆಮನೆಯ ಗೌಡರು.

"ಕಬ್ಬಿಗೆ ಅದೆಲ್ಲ ಗೊತ್ತಾಗಂಗಿಲ್ರಿ ಗೌಡ್ರ. ಜಾಗ ನಮ್ಮ ಮೈದುನಂದು, ನಾ ಕಾಯಾಕ ಕುಂತೀನಿ."

ಗಾಯ ಪೂರ್ತಿ ಮಾಯುವ ಮೊದಲೇ ನಾನು ಹೋಗಿ ನಿಂತೆ.

"ಈ ಕೈಲಿ ಏನ್ ಮಾಡ್ತೀಯಲೇ?" ಎಂದರು ಗೌಡರು.

ನಾನು ಕನಿಕರ ಕೇಳಲಿಲ್ಲ, ಕೆಲಸ ಕೇಳಿದೆ. "ಎತ್ತು ಹೊಡಿಯಾವ ಅತ್ತಿಗಿ ಬದಲಿ ಕಬ್ಬು ಹೊರಲಿರಿ, ನಾ ಎತ್ತು ಹೊಡಿತೀನಿ. ಅದಕ್ಕ ಎಡಗೈ ಸಾಕು. ಬಲಗೈ ನೆಟ್ಟಗಾದ ಮ್ಯಾಲೆ ನನ್ನ ಜಾಗ ನನಗ ಕೊಡ್ರಿ."

"ಕೊಡದಿದ್ರ?"

"ನಾ ಏಳಂಗಿಲ್ರಿ," ಎಂದಳು ಅತ್ತಿಗೆ, ಕಬ್ಬು ಕೊಡುತ್ತಲೇ.

ಗೌಡರಿಗೂ ನಗು ಬಂತು. "ಹೋಗಲೇ, ಬಾರುಕೋಲು ಹಿಡಿ."

ಸುಗ್ಗಿ ಮುಗಿಯುವ ಮುನ್ನ ನನ್ನ ಜಾಗ ನನಗೆ ಸಿಕ್ಕಿತು. ನಿಮಗೂ ಹೇಳುತ್ತೇನೆ, ಪೆಟ್ಟು ಬಿದ್ದರೆ ಮೊದಲು ಜಾಗಕ್ಕೆ ಒಬ್ಬರನ್ನು ಕೂರಿಸಿ, ಆಮೇಲೆ ಅತ್ತುಕೊಳ್ಳಿ. ಆ ದಿನ ನನಗೆ ಅಷ್ಟು ಬುದ್ಧಿ ಎಲ್ಲಿತ್ತು? ನಾನು ಅಳುತ್ತಿದ್ದೆ, ಅತ್ತಿಗೆ ಕೂತಿದ್ದಳು.