ಓಣಿಯ ತುಂಬಾ ಹಾಸಿದ ನೂಲು

ಕೊರೊನಾ ಕಾಟ ಮುಗಿದ ಮರುವರ್ಷದ ಬೇಸಿಗೆ. ನಾನು ಜಮಖಂಡಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಹುಡುಗಿಯರಿಗೆ ಕರಾಟೆಯನ್ನೂ ಕಲಿಸುತ್ತೇನೆ. ಕಪ್ಪು ಬೆಲ್ಟ್ ಇದೆ, ಅದರ ಜಂಬವೂ ಆಗ ಸಾಕಷ್ಟಿತ್ತು. ಅಂದು ಬನಹಟ್ಟಿಯ ಕಾಲೇಜಿನಲ್ಲಿ ಸ್ವರಕ್ಷಣೆಯ ತರಬೇತಿ ಕೊಡಲು ಹೋಗಿದ್ದೆ. ಹನ್ನೊಂದರ ಸುಮಾರಿಗೆ ಪೇಟೆಯಲ್ಲಿ ಗಲಾಟೆ ಎದ್ದಿದೆ, ಬಂದ್ ಮಾಡಿಸುತ್ತಿದ್ದಾರೆ ಎಂದು ಸುದ್ದಿ ಬಂತು. ತರಬೇತಿ ಅರ್ಧಕ್ಕೇ ನಿಂತಿತು, ಬಸ್ಸುಗಳೂ ನಿಂತವು.

ನಾನು ಕಾಲೇಜಿನಲ್ಲೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮನೆ ಸೇರಲೇಬೇಕೆಂಬ ಹಟ. ಗೇಟಿನ ಬಳಿ ಒಬ್ಬ ಆಟೋದವರು ಸಿಕ್ಕರು, ಐವತ್ತು ದಾಟಿದ ಸಾಧು ಮನುಷ್ಯ.

"ಬ್ಯಾಡ್ರಿ ಮೇಡಂ, ಇವತ್ತ ಗಾಡಿ ತಗದ್ರ ಗಾಜ ಉಳ್ಯಾಂಗಿಲ್ಲ" ಎಂದರು.

"ನಾ ಅದೀನಲ್ರಿ, ಯಾರ ಏನ ಮಾಡ್ತಾರ?" ಎಂದು ಒತ್ತಾಯ ಮಾಡಿ ಹತ್ತಿಯೇಬಿಟ್ಟೆ.

ನೇಕಾರರ ಓಣಿಗಳ ಹತ್ತಿರ ಮೊದಲ ಕಲ್ಲು ಬಿತ್ತು. ಗಾಜು ಒಡೆದು ಆಟೋದವರ ಹಣೆಯಿಂದ ರಕ್ತ ಇಳಿಯಿತು. "ಬಂದ್ ಅಂದ್ರೂ ಗಾಡಿ ಹೊಡಿತಾನ, ಹಿಡೀರಿ ಅವನ್ನ!" ಎಂದು ಹತ್ತು ಹನ್ನೆರಡು ಜನ ಬೆನ್ನು ಹತ್ತಿದರು. ನಾವಿಬ್ಬರೂ ಗಾಡಿ ಬಿಟ್ಟು ಓಡಿದೆವು. ನನ್ನ ಕರಾಟೆ ಎಲ್ಲಿ ಹೋಯಿತೋ! ಈ ಮನುಷ್ಯನಿಗೆ ಏನಾದರೂ ಆದರೆ ಅದು ನನ್ನಿಂದಲೇ ಎಂಬುದೊಂದೇ ತಲೆಯಲ್ಲಿತ್ತು.

ನಾವು ನುಗ್ಗಿದ್ದು ಇಕ್ಕಟ್ಟಾದ ಓಣಿ. ಅದರ ಉದ್ದಕ್ಕೂ ಸೊಂಟದೆತ್ತರಕ್ಕೆ ಸೀರೆಯ ಹಾಸು, ಅಂದರೆ ನೇಯ್ಗೆಯ ಉದ್ದದ ಎಳೆಗಳನ್ನು, ಎಳೆದು ಕಟ್ಟಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಆ ನೂಲಿಗೆ ಗಂಜಿ ಹಚ್ಚಿ, ಎಳೆಗಳು ಅಂಟಿಕೊಳ್ಳದಂತೆ ಬ್ರಷ್ ಎಳೆದು ಒಣಗಿಸುತ್ತಾರೆ. ಕೈಮಗ್ಗದ ಕೆಲವು ಮನೆಗಳಲ್ಲಿ ಈಗಲೂ ಈ ಪದ್ಧತಿ ಇದೆ. ನಡುವಿನ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ರಕ್ತ ನೋಡಿದರು, ಹಿಂದಿನ ಗದ್ದಲ ಕೇಳಿದರು. ಯಾರು, ಏನು ಎಂದು ಕೇಳಲೇ ಇಲ್ಲ.

"ಹಾಸಿನ ಬುಡಕ ನುಸುಳಿ ಬರ್ರಿ. ನೂಲಿಗೆ ತಲಿ ತಾಗಿಸಬ್ಯಾಡ್ರಿ. ಒಳಗ ನಡೀರಿ."

ಒಳಗಿನಿಂದ ಬಾಗಿಲ ಸಂದಿಯಲ್ಲಿ ನೋಡಿದೆ. ಅಟ್ಟಿಸಿಕೊಂಡು ಬಂದವರೆಲ್ಲ ಹಾಸಿನ ತುದಿಯಲ್ಲಿ ಗಕ್ಕನೆ ನಿಂತಿದ್ದರು. ನಾಲ್ಕು ಹೆಜ್ಜೆ ನುಗ್ಗಿದರೆ ನೂಲೆಲ್ಲ ಹರಿದುಹೋಗುತ್ತಿತ್ತು. ಒಬ್ಬನೂ ನುಗ್ಗಲಿಲ್ಲ. ಅಷ್ಟರಲ್ಲಿ ಅಜ್ಜಿ ಬ್ರಷ್ ಹಿಡಿದು ಎದ್ದಿದ್ದರು.

"ಆಯೀ, ಅಂವಾ ಇಲ್ಲೇ ಬಂದಾನ. ಹೊರಗ ಹಾಕ!" ಎಂದು ಒಬ್ಬ ಕೂಗಿದ.

"ಅದನ್ನ ಆಮ್ಯಾಲ ನೋಡೂಣು. ಗಂಜಿ ಒಣಗಾಕತ್ತೈತಿ, ನನ್ನ ಒಬ್ಬಾಕಿ ಕೈಲೆ ಆಗವಲ್ದು. ಎಳಿ ಅಂಟಿಕೊಂಡ್ರ ಹಾಸು ಕೆಟ್ಟ ಹೋಗತೈತಿ. ಬ್ರಷ್ ಹಿಡೀರಿ, ಬರ್ರಿ."

ಯಾರೂ ಅಲುಗಾಡಲಿಲ್ಲ.

"ಕೇಳಸವಲ್ದೇನ್ರಲೇ? ಕಲ್ಲ ಹಿಡದ ಕೈಲೆ ನೂಲ ಮುಟ್ಟಬ್ಯಾಡ್ರಿ ಮತ್ತ. ಅಲ್ಲಿ ಬಕೀಟ ಐತಿ, ಕೈ ತೊಳಕೊಂಡ ಬರ್ರಿ."

ಎಲ್ಲರಿಗಿಂತ ಜೋರಾಗಿ ಕೂಗಿದವನೇ ಮೊದಲು ಕಲ್ಲು ಕೆಳಗಿಟ್ಟ. ಕೈ ತೊಳೆದು ಅಂಗಿಗೆ ಒರೆಸಿಕೊಂಡ. ಬ್ರಷ್ ಹಿಡಿದು ಎರಡು ಸಲ ಎಳೆದವನು ನಿಂತು ಅಜ್ಜಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ಮತ್ತೆ ಎಳೆಯತೊಡಗಿದ. ಇನ್ನೊಬ್ಬ ಎದುರು ಬದಿಗೆ ಬಂದು ನಿಂತ. ಉಳಿದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕಾಲು ಗಂಟೆಯ ಮೇಲೆ ಇವರಿಬ್ಬರೂ ಹೊರಟರು. ಆಟೋದವರ ಸುದ್ದಿಯನ್ನೇ ಎತ್ತಲಿಲ್ಲ.

ಅಜ್ಜಿ ಒಳಗೆ ಬಂದು ಆಟೋದವರ ಗಾಯಕ್ಕೆ ಅರಿಶಿನ ಒತ್ತಿದರು. "ಪುಣ್ಯಾರಿ, ಅದ ಹೊತ್ತಿಗೆ ನಿಮ್ಮ ಗಂಜಿ ಕೆಲಸ ನಡದಿತ್ತು" ಎಂದೆ.

"ಎಲ್ಲಿ ಗಂಜಿ? ಅದು ಮುಂಜಾನೇನ ಮುಗದಿತ್ತು. ನೀವು ಬರೂದ್ರಾಗ ಹಾಸು ಪೂರಾ ಒಣಗಿತ್ತು."

"ಅವರಿಗೆ ಗೊತ್ತಾಗಲಿಲ್ಲೇನ್ರಿ?"

"ನೇಕಾರ್ರ ಮಕ್ಕಳು, ಕೈ ಇಟ್ಟ ಕೂಡ್ಲೆ ಗೊತ್ತಾಗಿರತೈತಿ. ಕಲ್ಲ ಕೆಳಗ ಇಡಾಕ ಅವಕ್ಕೂ ಏನರೆ ಒಂದ ನೆವ ಬೇಕಾಗಿತ್ತ, ಯವ್ವಾ."

ನಾನು ಅಜ್ಜಿಯ ಕಾಲಿಗೆ ಬಿದ್ದೆ.

ಏಟು ತಪ್ಪಿಸಿಕೊಳ್ಳುವುದನ್ನು, ಹಿಡಿತ ಬಿಡಿಸಿಕೊಳ್ಳುವುದನ್ನು ಈಗಲೂ ಹುಡುಗಿಯರಿಗೆ ಕಲಿಸುತ್ತೇನೆ. ಅದು ಬೇಕೇ ಬೇಕು. ಆದರೆ ಹೊಡೆಯಲು ಬಂದವನ ಮರ್ಯಾದೆಯನ್ನೂ ಉಳಿಸಿ, ಅವನ ಕೈಯ ಕಲ್ಲು ಇಳಿಸಿದ ಆ ಅಜ್ಜಿಯ ವಿದ್ಯೆಯನ್ನು ಹೇಗೆ ಕಲಿಸುವುದೋ ನನಗಿನ್ನೂ ತಿಳಿದಿಲ್ಲ.