ಎಲ್ಡರ್ಟನ್ನಿನವಳು ಕೇಳಿದ ಕೋಲು

ನಮ್ಮ ಸ್ಕಾರ್ಬಿ ಹಳ್ಳಿಗೆ ಮದುವೆಯಾಗಿ ಬಂದು ತಲೆಗೂದಲು ಬೆಳ್ಳಗಾದರೂ ಮಾರ್ಜರಿಯನ್ನು ಊರವರು ಕರೆಯುತ್ತಿದ್ದದ್ದು 'ಎಲ್ಡರ್ಟನ್ನಿನವಳು' ಎಂದೇ. ಎಲ್ಡರ್ಟನ್ ಏನು ದೂರವೇ? ತೊರೆಯ ಆಚೆ ದಡ. ಅಲ್ಲಿ ಮೀನು ಕರಿದರೆ ನಮ್ಮ ಚರ್ಚಿಗೆ ವಾಸನೆ ಬರುತ್ತದೆ.

ಅವಳ ಗಂಡ ಕ್ಲಿಫ್ ಪ್ರತಿ ವಸಂತದಲ್ಲೂ ಊರಿನ ಎಲ್ಲೆ ಸುತ್ತುವ ಮೆರವಣಿಗೆಗೆ ಮುಂದಾಳು. ಊರಿನ ಗಡಿ ಯಾರೂ ಮರೆಯದಿರಲೆಂದು ವಿಲೋ ಮರದ ಕೋಲಿನಿಂದ ಗಡಿಕಲ್ಲುಗಳಿಗೆ ಬಡಿಯುತ್ತಿದ್ದವನು ಅವನೇ. ಅವನು ತೀರಿಕೊಂಡ ಮೇಲೆ ಮಾರ್ಜರಿ ಒಂದು ಕಡೆ ಕೂತವಳಲ್ಲ. ಬಸ್ಸು ಹತ್ತಿ ಊರೂರು ಅಲೆಯುವುದು, ಆ ಊರಿಗೆ ಆ ಹೆಸರು ಯಾಕೆ ಬಂತೆಂದು ಪೇಟೆಯ ಗ್ರಂಥಾಲಯದಲ್ಲಿ ಕೆದಕುವುದು. ನನ್ನ ಮನೆಗೆ ಬಂದರೂ ಅರ್ಧ ಕಪ್ ಚಹಾಕ್ಕೇ ಎದ್ದುಬಿಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

"ಕೂತ್ಕೊಳ್ಳೇ ಮಾರಾಯ್ತಿ, ಕೇಕ್ ಕೊಯ್ದಿದೀನಿ."

"ಈ ಸಲ ಕ್ಲಿಫ್‌ನ ಕೋಲು ನಂಗೆ ಕೊಡ್ತಾರೇನೇ?"

ಅದೊಂದೇ ಅವಳನ್ನು ಕೊರೆಯುತ್ತಿತ್ತು.

ಕೊಡಲಿಲ್ಲ. ಮೆರವಣಿಗೆಯ ದಿನ ಕೋಲು ಹಂದಿ ಸಾಕುವ ಸಿರಿಲ್ ಡಾಬ್ಸನ ಕೈಯಲ್ಲಿತ್ತು.

"ಬೇಜಾರ್ ಮಾಡ್ಕೋಬೇಡಮ್ಮ. ಇದನ್ನ ಊರೋರೇ ಹಿಡೀಬೇಕು. ನೀನು ಹೊರಗಿಂದ ಬಂದೋಳು," ಎಂದ.

"ಹೊರಗಿಂದ ಬಂದೋರು ಯಾರಯ್ಯಾ?" ಮಾರ್ಜರಿ ಸಿಡಿದಳು. "ಹೆಸರಿನ ಬಾಲಕ್ಕೆ 'ಬಿ' ಅಂಟಿರೋ ಊರೆಲ್ಲ ಸಾವಿರ ವರ್ಷದ ಹಿಂದೆ ಡೇನರು ಕಟ್ಟಿದ್ದು. ಸ್ಕಾರ್ ಅನ್ನೋನೊಬ್ಬ ದೋಣಿ ಇಳಿದು ಇಲ್ಲಿ ಮನೆ ಹಾಕ್ಕೊಂಡ. ಅಷ್ಟೊತ್ತಿಗೆ ಎಲ್ಡರ್ಟನ್ ಥರದ ನಮ್ಮ 'ಟನ್' ಊರಿಗೆ ಸ್ಯಾಕ್ಸನ್ನರು ಬೇಲಿ ಹಾಕಿ ಎಷ್ಟೋ ಕಾಲ ಆಗಿತ್ತು. ನೀವು ಸಮುದ್ರ ದಾಟಿ ಬಂದೋರು, ನಾನು ಬರೀ ತೊರೆ ದಾಟಿದೋಳು!"

ಎಲ್ಲರೂ ನಕ್ಕರು. ಸಿರಿಲ್ ಬಿಡುತ್ತಾನೆಯೇ? "ನಿಮ್ಮ ಸ್ಯಾಕ್ಸನ್ನರೇನು ನೆಲದಲ್ಲಿ ಮೊಳೆತರಾ?"

ಅವಳ ಮುಖ ಇಳಿಯಿತು. "ಇಲ್ಲ, ಅವರೂ ದೋಣೀಲೇ ಬಂದಿದ್ದು. ಅವರಿಗಿಂತ ಮೊದಲಿದ್ದೋರ ಮಾತು ಈ ತೊರೆ ಹೆಸರಲ್ಲಿ ಮಾತ್ರ ಉಳಿದಿದೆ."

ಆಮೇಲೆ ದಾರಿಯುದ್ದಕ್ಕೂ ಅವಳದು ಒಂದೇ ಚಡಪಡಿಕೆ. ಒಮ್ಮೆ ನಮ್ಮ ಮುಂದೆ, ಒಮ್ಮೆ ಹಿಂದೆ.

ಕೊನೆಯ ಗಡಿಕಲ್ಲು ತೊರೆಯ ನಡುವಿದೆ; ಆಚೆ ಎಲ್ಡರ್ಟನ್, ಈಚೆ ನಾವು. ಅದಕ್ಕೆ ಬಡಿಯದಿದ್ದರೆ ಎಲ್ಲೆ ಮುಗಿದಂತಲ್ಲ. ಕ್ಲಿಫ್ ತೊಡೆಮಟ್ಟ ನೀರಿಗಿಳಿದು ಬಡಿಯುತ್ತಿದ್ದ. ಸಿರಿಲ್ ದಡದಲ್ಲೇ ನಿಂತು ಮಂಡಿ ಸವರಿಕೊಂಡ. ನೀರು ಮಂಜುಗಡ್ಡೆಯಷ್ಟು ತಣ್ಣಗಿತ್ತು. ಮಾರ್ಜರಿ ಬೂಟು ಕಳಚಿ ಎಸೆದಳು.

"ಕೊಡಯ್ಯ ಇಲ್ಲಿ."

ಅವನು ಕೊಟ್ಟ. ಅವಳು ನೀರಿಗಿಳಿದು ಹೋಗಿ ಕಲ್ಲಿಗೆ ಬಡಿದಳು. ಬಡಿದವಳು ಅಲ್ಲೇ ನಿಂತುಬಿಟ್ಟಳು.

"ಬಾರೇ, ಸಾಯ್ತೀಯ!" ಎಂದು ಕೂಗಿದೆ.

"ಯಾವ ಕಡೆ ಬರ್ಲಿ?" ಎಂದಳು. ಕೇಳಿದ್ದು ನನ್ನನ್ನಲ್ಲ, ಸಿರಿಲನನ್ನು.

ಯಾರೂ ನಗಲಿಲ್ಲ. ಸಿರಿಲ್ ಟೋಪಿ ತೆಗೆದ. "ಮನೆ ಕಡೆ ಬಾ, ಮಾರ್ಜರಿ," ಎಂದ. ಅವನ ಬಾಯಲ್ಲಿ ಅವಳ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. "ಕೋಲು ನಿನ್ ಹತ್ರಾನೇ ಇರ್ಲಿ."