ಹನ್ನೆರಡನೆಯ ಚಾಕು

ಊರ ಹೊರಗಿನ ಆ ನರ್ಸರಿಯ ಹೆಂಗಸನ್ನು ಎಲ್ಲರೂ ಕರೆಯುವುದು ಕಸಿ ಅಕ್ಕ ಎಂದೇ. ನಿಂಬೆಯಿರಲಿ, ಗುಲಾಬಿಯಿರಲಿ, ಅವಳು ಕಟ್ಟಿದ ಕಸಿ ಹಿಡಿಯದೆ ಹೋದದ್ದು ಕಡಿಮೆ. ಬಾಯಿ ಸ್ವಲ್ಪ ಜೋರು, ಮುಚ್ಚಿಡುವುದೇಕೆ? ಗಿಡ ಕೊಳ್ಳಲು ಬಂದವರು ಎಲೆ ಕಿತ್ತು ಮೂಸಿದರೆ, "ನಿಮ್ಮ ಕಿವಿ ಕಿತ್ತು ಮೂಸಿದ್ರೆ ಹೇಗಿರುತ್ತೆ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತಾಳೆ. ಆದರೂ ಜನ ಅಲ್ಲಿಗೇ ಹೋಗುತ್ತಾರೆ.

ಮೊದಲು ಅವಳು ಜೈಲಿನಲ್ಲಿದ್ದಳು. ಹೌಹಾರಬೇಡಿ, ಸಂಬಳಕ್ಕೆ! ಹನ್ನೆರಡು ವರ್ಷ ಜೈಲಿನ ತೋಟದಲ್ಲಿ ಕೈದಿಗಳಿಗೆ ಕಸಿ ಕಟ್ಟುವುದನ್ನು ಕಲಿಸಿದಳು. ಅವಳ ಕೈಯಲ್ಲಿ ಪಳಗಿ ಬಿಡುಗಡೆಯಾದವನೊಬ್ಬ ಆರೇ ತಿಂಗಳಿಗೆ ಕಳ್ಳತನ ಮಾಡಿ ವಾಪಸು ಬಂದ. "ಮಾನ ಮರ್ಯಾದೆ ಇಲ್ವೇನೋ ನಿಂಗೆ? ಕೈಯಲ್ಲಿ ಕಸುಬು ಇರ್ಲಿಲ್ವಾ?" ಎಂದು ರೇಗಿದಳು.

"ಕಸುಬೇನೋ ಇದೆ ಅಕ್ಕ. ಕಸಿ ಕಟ್ಟೋಕೆ ಚಾಕು ಬೇಕಲ್ಲ. ಜೈಲಿಂದ ಬಂದವನ ಕೈಗೆ ಚಾಕು ಯಾರು ಕೊಡ್ತಾರೆ?" ಎಂದ ಅವನು.

ಆ ಮಾತು ಅವಳನ್ನು ಮಲಗಲು ಬಿಡಲಿಲ್ಲ. ವರ್ಷ ತುಂಬುವುದರೊಳಗೆ ಕೆಲಸ ಬಿಟ್ಟು ನರ್ಸರಿ ಇಟ್ಟಳು. ಗಂಡ ತಲೆ ಚಚ್ಚಿಕೊಂಡ. ಆಮೇಲೆ ಅವನೇ ಬಂದು ಬೇಲಿ ಕಟ್ಟಿಕೊಟ್ಟ.

ಜೈಲಿಂದ ಬಂದವರಿಗೆ ಮೊದಲ ದಿನವೇ ಅವಳು ಹರಿತವಾದ ಚಾಕು ಕೊಟ್ಟು, ಬೆನ್ನು ತಿರುಗಿಸಿ ತನ್ನ ಪಾಡಿಗೆ ಮಣ್ಣು ಕಲಸಲು ಕೂರುತ್ತಾಳೆ. ನೋಡಿದವರ ಜೀವ ಬಾಯಿಗೆ ಬರಬೇಕು! ಒಂದು ವರ್ಷ ತನ್ನಲ್ಲೇ ದುಡಿಸಿ, ಆಮೇಲೆ ತೋಟ ತೋಟ ಅಲೆದು, ಬೈಸಿಕೊಂಡು, ಹಿಡಿದ ಪಟ್ಟು ಬಿಡದೆ ಅವರನ್ನು ಕೆಲಸಕ್ಕೆ ಹಚ್ಚುತ್ತಾಳೆ. ಹೀಗೆ ನೆಲೆ ಕಂಡವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಇಂಥವಳಿಗೆ ಕೈ ಮುಗಿಯದೆ ಇನ್ನೇನು ಮಾಡುವುದು?

ಅವರಲ್ಲೊಬ್ಬ ಉದ್ದಣ್ಣ. ಆರಡಿ ಮೀರಿದ ಆಳು, ಜಗಳದಲ್ಲಿ ಒಬ್ಬನನ್ನು ಕೊಂದು ಹನ್ನೊಂದು ವರ್ಷ ಒಳಗಿದ್ದವನು. ಜೈಲಿನಲ್ಲೂ ಅವಳ ಶಿಷ್ಯನೇ. ಒಂದು ದೊಡ್ಡ ಹಣ್ಣಿನ ತೋಟದ ಯಜಮಾನರನ್ನು ಮೂರು ತಿಂಗಳು ಕಾಡಿ ಬೇಡಿ ಅವನನ್ನು ಅಲ್ಲಿಗೆ ಸೇರಿಸಿದ್ದಳು. ಅವರು ಖಡಾಖಂಡಿತವಾಗಿ ಹೇಳಿದ್ದರು: "ಒಂದು ತಿಂಗಳು ನೋಡ್ತೀನಿ ಅಕ್ಕ. ಇವನು ಸರಿಹೋದ್ರೆ ಇನ್ನೂ ನಾಲ್ವರನ್ನ ಕಳ್ಸಿ. ಏನಾದ್ರೂ ಎಡವಟ್ಟಾದ್ರೆ ಇವನೂ ಹೊರಗೆ, ನೀವೂ ನನ್ನ ಗೇಟಿನ ಕಡೆ ತಲೆ ಹಾಕಬೇಡಿ." ಆ ನಾಲ್ವರು ನರ್ಸರಿಯಲ್ಲಿ ತಿಂಗಳು ಮುಗಿಯುವುದನ್ನೇ ಕಾಯುತ್ತಿದ್ದರು.

ಒಂಬತ್ತನೆಯ ದಿನ ಸಂಜೆ ಐದೂವರೆಗೆ ಯಜಮಾನರ ಫೋನು ಬಂತು. "ಅಕ್ಕಾ, ಬೇಗ ಬನ್ನಿ. ನಿಮ್ಮ ಮನುಷ್ಯ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದಾನೆ, ಯಾರನ್ನೂ ಮನೆಗೆ ಬಿಡ್ತಿಲ್ಲ. ಹತ್ತು ನಿಮಿಷ ನೋಡ್ತೀನಿ, ಆಮೇಲೆ ಪೊಲೀಸರಿಗೆ ಹೇಳ್ತೀನಿ."

ಅಕ್ಕ ಕೈಯ ಮಣ್ಣನ್ನೂ ತೊಳೆಯದೆ ಸ್ಕೂಟರ್ ಏರಿದಳು.

ಶೆಡ್ಡಿನೊಳಗೆ ಹತ್ತು ಹನ್ನೆರಡು ಆಳುಗಳು ತಮ್ಮ ತಮ್ಮ ಚೀಲ ಎದೆಗವಚಿಕೊಂಡು ಮೂಲೆಗೆ ಒತ್ತಿ ನಿಂತಿದ್ದರು. ಮೇಜಿನ ಮೇಲೆ ಕಸಿ ಚಾಕುಗಳು ಸಾಲಾಗಿ ಮಲಗಿದ್ದವು. ಉದ್ದಣ್ಣ ಬಾಗಿಲಿನ ಎರಡೂ ಕಡೆ ಕೈ ಚಾಚಿ ನಿಂತು ಬೆವರುತ್ತಿದ್ದ.

"ಏನೋ ಇದು?"

"ಹನ್ನೆರಡು ಚಾಕು ಇರಬೇಕು ಅಕ್ಕ. ಹನ್ನೊಂದೇ ಇದೆ. ಮೂರು ಸಲ ಎಣಿಸ್ದೆ. ಸಿಗೋವರೆಗೂ ಯಾರೂ ಹೋಗೋ ಹಾಗಿಲ್ಲ. ಹೋದ್ರೆ ಎಲ್ಲರಿಗೂ ಕಷ್ಟ," ಎಂದ.

ಕೊಲೆ ಮಾಡಿ ಬಂದವನು ಬಾಗಿಲು ಕಟ್ಟಿ ಚಾಕುವಿನ ಮಾತಾಡಿದರೆ ಯಾರು ತಾನೇ ಹೆದರುವುದಿಲ್ಲ? ಆದರೆ ಅಕ್ಕನಿಗೆ ಅರ್ಥವಾಯಿತು. ಜೈಲಿನ ತೋಟದಲ್ಲಿ ದಿನಾ ಸಂಜೆ ಚಾಕು ಎಣಿಸುತ್ತಾರೆ. ಒಂದು ಕಡಿಮೆ ಬಂದರೆ ಶಿಕ್ಷೆ ಎಲ್ಲರಿಗೂ. ಹೆದರಿ ಸಾಯುತ್ತಿದ್ದವನು ಉದ್ದಣ್ಣನೇ. ಅವನು ಆ ಜನರನ್ನು ಕಾಪಾಡಲು ನಿಂತಿದ್ದ.

ಮೂಲೆಯಿಂದ ಒಬ್ಬ ಹೆಂಗಸು ಅಳುದನಿಯಲ್ಲಿ, "ಅದು ನಮ್ಮನೇಲಿದೆ. ಮಧ್ಯಾಹ್ನ ಊಟಕ್ಕೆ ಹೋದಾಗ ತರಕಾರಿ ಹೆಚ್ಚೋಕೆ ತಗೊಂಡೋಗಿ ಅಲ್ಲೇ ಮರ್ತೆ. ಭಯಕ್ಕೆ ಬಾಯೇ ಬರ್ಲಿಲ್ಲ," ಎಂದಳು.

ಉದ್ದಣ್ಣ ಕೈ ಇಳಿಸಿದ. "ಈಗ ಇವರಿಗೆ ಏನು ಮಾಡ್ತಾರೆ?" ಎಂದು ಮೆಲ್ಲಗೆ ಕೇಳಿದ.

"ಏನು ಮಾಡ್ತಾರೆ? ನಾಳೆ ತಂದಿಡಮ್ಮ ಅಂತಾರೆ!" ಎಂದು ಯಜಮಾನರು ಸಿಡುಕಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಪಾಪ ಅನ್ಸುತ್ತೆ ಅಕ್ಕ. ಆದ್ರೆ ನಾಳೆ ನನ್ನ ಆಳುಗಳು ಇವನ ಜೊತೆ ಕೆಲಸಕ್ಕೆ ಕೂರ್ತಾರಾ? ಕರ್ಕೊಂಡು ಹೋಗಿಬಿಡಿ," ಎಂದರು.

ಅಕ್ಕ ಎಲ್ಲರ ಎದುರಿಗೇ ಹೇಳಿದಳು.

"ತಪ್ಪು ಇವನದಲ್ಲ, ನಂದು. ದಿನಾ ಎಣಿಸಿ ಎಣಿಸಿ ಈ ಭಯ ಹತ್ತಿಸಿದ್ದೇ ನಾನು. ಒಂದು ಸಲ ಜೈಲಲ್ಲಿ ಚಾಕು ಕಮ್ಮಿ ಬಂತು, ಮೇಲಿನವರಿಗೆ ಹೇಳ್ದೆ. ಮಾರನೇ ದಿನ ನಲವತ್ತು ಜನನ್ನ ಬೆಳಗಿಂದ ಬಿಸಿಲಲ್ಲಿ ನಿಲ್ಸಿದ್ರು. ಇವನೂ ಇದ್ದ. ಸಂಜೆ ನೋಡಿದ್ರೆ ಚಾಕು ನನ್ನ ಚೀಲದಲ್ಲೇ ಇತ್ತು. ಕೆಲಸ ಹೋಗುತ್ತೆ ಅಂತ ಹೆದರಿ, ಗಿಡದ ಬುಡದಲ್ಲಿ ಸಿಕ್ತು ಅಂದ್ಬಿಟ್ಟೆ. ಈಯಮ್ಮ ಈಗಿಂದೀಗಲೇ ಒಪ್ಕೊಂಡ್ಲು. ನಂಗೆ ಒಂಬತ್ತು ವರ್ಷ ಬೇಕಾಯ್ತು. ಕಳಿಸೋದಾದ್ರೆ ನನ್ನ ಕಳ್ಸಿ, ಇವನನ್ನ ಇಟ್ಕೊಳ್ಳಿ."

ಆ ಹೆಂಗಸೇ ಚೀಲವನ್ನು ಹೆಗಲಿಗೇರಿಸಿ, "ಇರ್ಲಿ ಬಿಡಿ ಯಜಮಾನ್ರೇ. ನಾಳೆ ನನ್ನ ಪಕ್ಕದಲ್ಲೇ ಕೂರ್ಲಿ," ಎಂದಳು. ಉಳಿದವರು ತಲೆ ಆಡಿಸಿದರು.

"ಏಳು ಗಂಟೆಗೆ ಬಾರಪ್ಪ," ಎಂದರು ಯಜಮಾನರು. "ಬಾಗಿಲಿಗೆ ಮಾತ್ರ ಅಡ್ಡ ನಿಲ್ಲಬೇಡ. ತಿಂಗಳು ಕಳೀಲಿ ಅಕ್ಕ, ಆ ನಾಲ್ವರ ವಿಷಯ ಮಾತಾಡೋಣ."

ಅಕ್ಕ ಸ್ಕೂಟರನ್ನು ತಳ್ಳಿಕೊಂಡೇ ಗೇಟು ದಾಟಿದಳು. ಹಿಂದೆಯೇ ಬಂದ ಉದ್ದಣ್ಣ, "ಅಕ್ಕ, ಆ ಚಾಕುನ ನೀವು ಚೀಲದಿಂದ ತೆಗೆದು ಗಿಡದ ಬುಡಕ್ಕೆ ಇಟ್ಟಿದ್ದು ನಂಗೆ ಅವತ್ತೇ ಗೊತ್ತು. ನೋಡ್ದೆ," ಎಂದ.

ಅಕ್ಕ ಗಕ್ಕನೆ ತಿರುಗಿದಳು. "ನೋಡಿದ್ಯಾ? ಮತ್ಯಾಕೋ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಿಮ್ಮನ್ನ ತೆಗೆದುಹಾಕ್ತಿದ್ರು. ಬಿಸಿಲು ಒಂದಿನದ್ದು ಅಕ್ಕ. ಆಮೇಲೆ ನಮಗೆ ಕಲ್ಸೋಕೆ ಯಾರು ಬರ್ತಿದ್ರು?"

ಅವಳು ಮಣ್ಣುಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.